ಮಕ್ಕಳ ಮನೆಗೆ ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರ ಗಮನಕ್ಕೆ

ನಮ್ಮ ಚಿಕ್ಕಮಗಳೂರು, ಮೂಡಿಗೆರೆ ಕಡೆಯಿಂದ ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಡುವವರು ಈಗ ಜಾಸ್ತಿ. ಅವರಿಗೆ ಒಂದು ಮಾತು. ಬಿ1/ಬಿ2 ವೀಸಾ, ಅಂದರೆ ಭೇಟಿಗೆ ಹೋಗಿಬರುವವರ ವೀಸಾ, ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ. ಹಾಗಂತ ಅಷ್ಟೂ ದಿನ ಅಲ್ಲೇ ಇರಬಹುದು ಅಂತಲ್ಲ. ಎಷ್ಟು ದಿನ ಅನ್ನೋದನ್ನು ವಿಮಾನ ಇಳಿದ ಮೇಲೆ ಅಲ್ಲಿನ ಅಧಿಕಾರಿ ತೀರ್ಮಾನಿಸುತ್ತಾರೆ, ಹೆಚ್ಚಾಗಿ 6 ತಿಂಗಳು. ಎಲ್ಲಿಯವರೆಗೆ ಇರಬಹುದು ಅನ್ನೋ ದಿನಾಂಕ ಐ-94 ಎಂಬ ಪ್ರವೇಶ ದಾಖಲೆಯಲ್ಲಿರುತ್ತದೆ. ಆನ್‌ಲೈನ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಮನೆ ತಲುಪಿದ ತಕ್ಷಣ ಮಕ್ಕಳ ಕೈಲಿ ತೆಗೆಸಿ ನೋಡಿ.

ಇನ್ನೂ ಉಳಿಯಬೇಕಾದರೆ ಆ ದಿನಾಂಕಕ್ಕೆ ಮೊದಲೇ ಐ-539 ಅರ್ಜಿ ಹಾಕಬೇಕು. 45 ದಿನ ಮುಂಚೆ ಹಾಕಿದರೆ ಒಳ್ಳೆಯದು. ಅರ್ಜಿಯನ್ನೂ ಹಾಕದೆ ಒಂದು ದಿನ ಮೀರಿದರೂ ಕೈಲಿರುವ ವೀಸಾ ಅನೂರ್ಜಿತ. ಆ ದಿನಾಂಕ ಮುಗಿದ ಮೇಲೂ 180 ದಿನ ದಾಟಿ ಹೊರಟರೆ 3 ವರ್ಷ ಒಳಗೇ ಬಿಡುವುದಿಲ್ಲ. ಮೊಮ್ಮಗುವನ್ನು ಮತ್ತೆ ನೋಡಬೇಕಲ್ವಾ, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

ಮಕ್ಕಳು ಯುರೋಪಿನಲ್ಲಿದ್ದರೆ, ಅಲ್ಲಿನ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಲೆಕ್ಕ ಬೇರೆ. 29 ದೇಶಗಳೂ ಸೇರಿ, ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಪಕ್ಕದ ದೇಶಕ್ಕೆ ಹೋದರೆ ಹೊಸ 90 ದಿನ ಸಿಗುವುದಿಲ್ಲ.

ಕಾಫಿ ತೋಟ ಇರುವವರು ಅಮೆರಿಕಕ್ಕೆ ಮೇ ಹೊತ್ತಿಗೆ ಹೊರಟರೆ ಅನುಕೂಲ. 6 ತಿಂಗಳು ಸಿಕ್ಕರೆ, ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ಗೆ ವಾಪಸ್ ಬರಬಹುದು. ವೀಸಾ ಸಂದರ್ಶನಕ್ಕೆ ತೋಟದ ಪಹಣಿಯೂ ಜೊತೆಗಿರಲಿ. ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿ.