ಖಡಕ್ ರೊಟ್ಟಿ ಆನ್‌ಲೈನ್‌ನಲ್ಲಿ ಮಾರಬೇಕೇ? ಮೊದಲು ಎಣಿಕೆ ಸರಿ ಮಾಡಿಕೊಳ್ಳಿ

ಗದಗ-ಬೆಟಗೇರಿಯಲ್ಲಿ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಆರು ವರ್ಷದಿಂದ ರೊಟ್ಟಿ ಮಾರುತ್ತಾರೆ. ಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಮೊದಲು ಓಣಿಯವರು ಒಯ್ಯುತ್ತಿದ್ದರು, ಆಮೇಲೆ ಹುಬ್ಬಳ್ಳಿಯ ಎರಡು ಖಾನಾವಳಿಯವರು ಕೇಳಿದರು. ಈಗ ಬೆಂಗಳೂರು, ಪುಣೆಯಿಂದಲೂ ಆರ್ಡರ್ ಬರುತ್ತವೆ.

ಒಮ್ಮೆ ಎಳ್ಳಮಾವಾಸ್ಯೆಯ ಹಿಂದಿನ ದಿನ ದೊಡ್ಡ ಫಜೀತಿ ಆಯಿತು. ಹೊಲಕ್ಕೆ ಎಡೆ ಕೊಟ್ಟು ಚರಗ ಚೆಲ್ಲುವ ಹಬ್ಬ, ರೊಟ್ಟಿಗೆ ಎಲ್ಲಿಲ್ಲದ ಬೇಡಿಕೆ. ವೈನಿ ವಾಟ್ಸ್‌ಆಪ್‌ನಲ್ಲಿ ಒಬ್ಬರಿಗೆ ಇನ್ನೂರು ರೊಟ್ಟಿ ಒಪ್ಪಿಕೊಂಡು ದುಡ್ಡೂ ತಗೊಂಡಿದ್ದರು. ಅದೇ ಇನ್ನೂರು ರೊಟ್ಟಿಯನ್ನು ನಮ್ಮ ಅಣ್ಣ ಬಾಗಿಲಿಗೆ ಬಂದವರಿಗೆ ಕೊಟ್ಟುಬಿಟ್ಟಿದ್ದ. "ಮುಂಜಾನೆ ನಾನ ಎಣಿಸಿಟ್ಟಿದ್ದೆ, ಎಲ್ಲಿ ಹೋದವು?" ಅಂತ ವೈನಿ. "ನೀ ಹೇಳಬೇಕಿತ್ತಲ್ಲ, ನನಗೇನ್ ಗೊತ್ತು?" ಅಂತ ಅಣ್ಣ. ಇಬ್ಬರದೂ ತಪ್ಪಿಲ್ಲ. ಒಬ್ಬರ ಲೆಕ್ಕ ಫೋನಿನಲ್ಲಿತ್ತು, ಇನ್ನೊಬ್ಬರ ಲೆಕ್ಕ ತಲೆಯಲ್ಲಿತ್ತು.

ಆನ್‌ಲೈನ್ ಮಾರಾಟ ಶುರು ಮಾಡುವವರು ಮೊದಲು ಆಪ್ ಹುಡುಕುತ್ತಾರೆ, ಚಂದದ ಫೋಟೊ ತೆಗೆಸುತ್ತಾರೆ. ಅದೆಲ್ಲ ಆಮೇಲೆ. ಮೊದಲು ಮನೆಯಲ್ಲಿ ಎಷ್ಟು ಮಾಲು ಇದೆ ಅನ್ನುವ ಲೆಕ್ಕ ಒಂದೇ ಕಡೆ ಇರಬೇಕು, ಮನೆಯವರೆಲ್ಲರಿಗೂ ಕಾಣಬೇಕು.

ಒಂದೇ ಲೆಕ್ಕ, ಎರಡು ಫೋನು

ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳಬೇಕಿಲ್ಲ. ಫೋನಿನಲ್ಲೇ ಗೂಗಲ್ ಶೀಟ್ಸ್ ಪುಕ್ಕಟೆ ಸಿಗುತ್ತದೆ. ಒಂದು ಶೀಟ್ ತೆರೆದು ಮನೆಯ ಇನ್ನೊಬ್ಬರ ಫೋನಿಗೂ ಹಂಚಿಕೊಳ್ಳಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಆಗಲೇ ಕಾಣುತ್ತದೆ.

ಮೊದಲ ಕೆಲಸ, ಪ್ರತಿ ಮಾಲಿಗೂ ಒಂದು ಗಿಡ್ಡ ಹೆಸರು. ಇಪ್ಪತ್ತೈದು ಜೋಳದ ರೊಟ್ಟಿಯ ಕಟ್ಟಿಗೆ 'ಜೋ-25', ಸಜ್ಜೆಗೆ 'ಸ-25', ಕಾಲು ಕಿಲೋ ಶೇಂಗಾ ಚಟ್ನಿಗೆ 'ಶೇ-250'. ಇದೇ ಹೆಸರು ಪ್ಯಾಕೆಟ್ ಮೇಲೂ ಇರಲಿ, ಶೀಟಿನಲ್ಲೂ ಇರಲಿ. ಬಿಡಿ ರೊಟ್ಟಿ ಎಣಿಸಬೇಡಿ, ಕಟ್ಟು ಎಣಿಸಿ. ಬಿಡಿ ಎಣಿಸಲು ಹೋದರೆ ದಿನಾ ಲೆಕ್ಕ ತಪ್ಪುತ್ತದೆ.

ಶೀಟಿನಲ್ಲಿ ಸಾಲಾಗಿ ಬರೆಯುತ್ತ ಹೋಗಿ: ತಾರೀಖು, ಮಾಲಿನ ಹೆಸರು, ಬಂದದ್ದು, ಹೋದದ್ದು, ಯಾರಿಗೆ. ಪಕ್ಕದ ಹಾಳೆಯಲ್ಲಿ ಬಂದದ್ದರ ಮೊತ್ತದಿಂದ ಹೋದದ್ದನ್ನು ಕಳೆಯುವ ಸೂತ್ರ ಹಾಕಿದರೆ ಉಳಿದದ್ದು ತಾನೇ ಬರುತ್ತದೆ. ಸೂತ್ರ ಹಾಕಲು ಬರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಕೇಳಿ, ಹತ್ತು ನಿಮಿಷದ ಕೆಲಸ. ಆರ್ಡರ್ ಒಪ್ಪಿಕೊಂಡ ಕೂಡಲೇ 'ಹೋದದ್ದು' ಅಂತ ಬರೆಯಬೇಕು. ಪಾರ್ಸೆಲ್ ಕಳಿಸುವ ತನಕ ಕಾಯಬಾರದು. ನಮ್ಮ ಮನೆಯಲ್ಲಿ ಎಡವಟ್ಟಾದದ್ದು ಇಲ್ಲೇ.

ಮತ್ತೆ ಯಾವಾಗ ರೊಟ್ಟಿ ಬಡಿಯಲು ಕೂರಬೇಕು? ಅದಕ್ಕೂ ಒಂದು ಲೆಕ್ಕ ಇದೆ. ದಿನಕ್ಕೆ ಹನ್ನೆರಡು ಕಟ್ಟು ಹೋಗುತ್ತವೆ ಅಂದುಕೊಳ್ಳಿ. ಜೋಳ ಬೀಸಿಸಿ, ಬಡಿದು, ಬೇಯಿಸಿ, ಖಡಕ್ ಆಗುವಷ್ಟು ಒಣಗಿಸಲು ಮೂರು ದಿನ ಬೇಕು. 12ನ್ನು 3ರಿಂದ ಗುಣಿಸಿದರೆ 36. ಹಬ್ಬ, ಮದುವೆ, ಕರೆಂಟ್ ಕಡಿತ ಅಂತ ಇನ್ನೊಂದು 14 ಸೇರಿಸಿ. ಉಳಿಕೆ 50 ಕಟ್ಟಿಗೆ ಇಳಿದ ದಿನವೇ ಜೋಳ ಗಿರಣಿಗೆ ಹೋಗಬೇಕು. ಉಳಿಕೆ ಆ ಅಂಕಿಗೆ ಇಳಿದರೆ ಅದರ ಚೌಕ ಕೆಂಪಾಗುವಂತೆ ಶೀಟಿನಲ್ಲೇ ಮಾಡಬಹುದು. ವೈನಿ ಈಗ ಚಹಾ ಕುಡಿಯುವಾಗ ಕೆಂಪು ಇದೆಯೇ ಅಂತ ಅಷ್ಟೇ ನೋಡುತ್ತಾರೆ.

ಪ್ರತಿ ಕಟ್ಟಿನ ಮೇಲೆ ಮಾಡಿದ ತಾರೀಖು ಬರೆದು, ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಇಡಿ. ವಾರಕ್ಕೊಮ್ಮೆ ಕಪಾಟು ತೆರೆದು ಕೈಯಿಂದ ಎಣಿಸಿ ಶೀಟಿಗೆ ತಾಳೆ ನೋಡಿ.

ಕಾಗದಪತ್ರ

ತಿನ್ನುವ ಪದಾರ್ಥ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಬೇಕು. ಅದರ ಫಾಸ್‌ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ನಂಬರನ್ನು ಲೇಬಲ್ ಮೇಲೆ ಹಾಕಬೇಕು. ಜೊತೆಗೆ ಏನೇನು ಹಾಕಿ ಮಾಡಿದ್ದು, ನಿವ್ವಳ ತೂಕ, ಎಂಆರ್‌ಪಿ, ಮಾಡಿದ ತಾರೀಖು, ಎಲ್ಲಿಯವರೆಗೆ ತಿನ್ನಬಹುದು, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಲಿ. ಶೇಂಗಾ ಕೆಲವರಿಗೆ ಅಲರ್ಜಿ, ಅದನ್ನು ಎದ್ದು ಕಾಣುವಂತೆ ಬರೆಯಿರಿ.

ಜಿಎಸ್‌ಟಿ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು. ಅದಕ್ಕಿಂತ ಕಡಿಮೆ ಇದ್ದವರು 2023ರ ಅಕ್ಟೋಬರ್‌ನಿಂದ ಆನ್‌ಲೈನ್ ಅಂಗಡಿಗಳ ಮೂಲಕ ರಾಜ್ಯದೊಳಗೆ ಮಾರಬಹುದು, ಆದರೆ ಜಿಎಸ್‌ಟಿ ತಾಣದಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು. ಪುಣೆ, ಹೈದರಾಬಾದ್ ಅಂತ ರಾಜ್ಯದ ಹೊರಗೆ ಜಿಎಸ್‌ಟಿ ಬೀಳುವ ಮಾಲು ಮಾರುವುದಾದರೆ ವಹಿವಾಟು ಕಡಿಮೆ ಇದ್ದರೂ ನೋಂದಣಿ ಬೇಕು. ಒಮ್ಮೆ ತೆರಿಗೆ ಸಲಹೆಗಾರರನ್ನು ಕಂಡು ಬನ್ನಿ.

ಡಬ್ಬಿ ಅಳೆಯದೆ ದರ ಹೇಳಬೇಡಿ

ರೊಟ್ಟಿ ಹಗುರ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಕೊರಿಯರ್‌ನವರು ತಕ್ಕಡಿಯ ತೂಕ ಒಂದನ್ನೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಆ ತೂಕಕ್ಕೇ ದುಡ್ಡು.

ಐವತ್ತು ರೊಟ್ಟಿ, ಎರಡು ಚಟ್ನಿ ಪ್ಯಾಕೆಟ್ ಸೇರಿ ಸುಮಾರು ಎರಡೂವರೆ ಕಿಲೋ. ವೈನಿ ಮೊದಲು ಕಿರಾಣಿ ಅಂಗಡಿಯಿಂದ ತಂದ ಹಳೆ ಡಬ್ಬಿಯಲ್ಲಿ ಕಳಿಸುತ್ತಿದ್ದರು. 40, 40, 30 ಸೆಂಟಿಮೀಟರ್. ಗುಣಿಸಿದರೆ 48,000, ಭಾಗಿಸಿದರೆ 9.6 ಕಿಲೋ! ಎರಡೂವರೆ ಕಿಲೋದ ಪಾರ್ಸೆಲ್‌ಗೆ ಹತ್ತು ಕಿಲೋದ ಬಿಲ್ಲು ಬಂತು. ಆ ಪಾರ್ಸೆಲ್‌ನಲ್ಲಿ ಉಳಿದದ್ದೇನೂ ಇಲ್ಲ, ಕೈಯಿಂದಲೇ ಹೋಯಿತು. ಈಗ ರೊಟ್ಟಿಯ ಅಗಲಕ್ಕೆ ಸರಿಯಾಗಿ 30, 30, 20ರ ಡಬ್ಬಿ ಮಾಡಿಸಿದ್ದಾರೆ. 3.6 ಕಿಲೋ ಅಷ್ಟೇ.

ಸಣ್ಣ ಡಬ್ಬಿಯಿಂದ ಇನ್ನೊಂದು ಲಾಭ. ರೊಟ್ಟಿ ಮುರಿಯುವುದು ಬಹಳ ಮಟ್ಟಿಗೆ ಅಲುಗಾಟದಿಂದ. ಕಟ್ಟಿನ ಕೆಳಗೊಂದು ಮೇಲೊಂದು ದುಂಡಗೆ ಕತ್ತರಿಸಿದ ರಟ್ಟು ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಸೀಲ್ ಮಾಡಿ. ಡಬ್ಬಿಯ ನಾಲ್ಕು ಮೂಲೆ ಖಾಲಿ ಉಳಿಯುತ್ತವೆ ಅಲ್ವಾ, ಅಲ್ಲಿ ಚಟ್ನಿ ಪ್ಯಾಕೆಟ್ ತುರುಕಿ. ಉಳಿದ ಸಂದಿಗೆ ಕಾಗದದ ಉಂಡೆ. ಮುಚ್ಚಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ. ರಂಜಕ (ಕೆಂಪು ಮೆಣಸಿನಕಾಯಿಯ ಹಸಿ ಚಟ್ನಿ) ಕಳಿಸುವುದಾದರೆ ಬೇರೆ ಡಬ್ಬಿ. ಒಮ್ಮೆ ಸೋರಿದರೆ ರೊಟ್ಟಿಯೂ ಹಾಳು.

ಮುಚ್ಚುವ ಮುಂಚೆ ಒಳಗಿನದೊಂದು ಫೋಟೊ, ಮುಚ್ಚಿದ ಮೇಲೆ ತಕ್ಕಡಿಯ ಮೇಲಿಟ್ಟು ಒಂದು, ಅಳತೆ ಟೇಪ್ ಹಿಡಿದು ಒಂದು. ತೂಕದ ತಕರಾರು ಬಂದರೆ ನಿಮ್ಮ ಕೈಯಲ್ಲಿರುವ ಪುರಾವೆ ಇವೇ.

ಯಾರ ಕೈಯಲ್ಲಿ ಕಳಿಸುವುದು

ಒಂದೆರಡು ಡಬ್ಬಿಗೆ ಸ್ಪೀಡ್ ಪೋಸ್ಟ್ ಒಳ್ಳೆಯದು. ಹಳ್ಳಿಗಳಿಗೂ ಮುಟ್ಟುತ್ತದೆ. ದಿನಕ್ಕೆ ಹತ್ತು ಹದಿನೈದು ಆದಾಗ ಶಿಪ್‌ರಾಕೆಟ್‌ನಂಥ ಆಪ್ ನೋಡಿ. ಪಿನ್‌ಕೋಡ್, ತೂಕ, ಅಳತೆ ಹಾಕಿದರೆ ಬೇರೆ ಬೇರೆ ಕೊರಿಯರ್‌ಗಳ ದರ ಒಟ್ಟಿಗೆ ತೋರಿಸುತ್ತದೆ, ವಿಳಾಸದ ಲೇಬಲ್ಲೂ ಅಲ್ಲೇ ತಯಾರಾಗುತ್ತದೆ. ಲೇಬಲ್ಲಿನ ಬಾರ್‌ಕೋಡ್ ಮೇಲೆ ಟೇಪ್ ಅಂಟಿಸಬೇಡಿ. ಬೆಂಗಳೂರಿನ ಖಾನಾವಳಿಗೆ ಐನೂರು ರೊಟ್ಟಿ ಕಳಿಸುವುದಾದರೆ ಸಾರಿಗೆ ಬಸ್ಸಿನ 'ನಮ್ಮ ಕಾರ್ಗೊ' ದರವನ್ನೂ, ಲಾರಿ ಪಾರ್ಸೆಲ್ ದರವನ್ನೂ ಕೇಳಿ. ಲಾರಿ ಪಾರ್ಸೆಲ್ ನಮಗೆ ಹೊಸದಲ್ಲ, ವಿಆರ್‌ಎಲ್ 1976ರಲ್ಲಿ ಒಂದೇ ಲಾರಿಯಿಂದ ಶುರುವಾದದ್ದು ಇದೇ ಗದಗದಲ್ಲಿ.

ಈಗ ಅಂಗಡಿ ತೆರೆಯಿರಿ

ವಾಟ್ಸ್‌ಆಪ್ ಬಿಸಿನೆಸ್‌ನ ಕ್ಯಾಟಲಾಗ್‌ನಿಂದ ಶುರು ಮಾಡುವುದೇ ನನ್ನ ಸಲಹೆ. ಕಮಿಷನ್ ಇಲ್ಲ, ಗಿರಾಕಿ ನೇರ ಸಿಗುತ್ತಾರೆ. ಎರಡು ಮೂರು ತಿಂಗಳು ಲೆಕ್ಕ ತಪ್ಪದೆ ನಡೆದ ಮೇಲೆ ದೊಡ್ಡ ಆನ್‌ಲೈನ್ ಅಂಗಡಿಗೆ ಹೋಗಿ. ಅಲ್ಲಿ ಇರುವ ಮಾಲನ್ನೆಲ್ಲ ತೋರಿಸಬೇಡಿ. ಹತ್ತು ಕಟ್ಟು ಇದ್ದರೆ ಆರು ಅಂತ ಹಾಕಿ, ಉಳಿದ ನಾಲ್ಕು ಬಾಗಿಲಿಗೆ ಬರುವವರಿಗೆ.

ದರ ಕಟ್ಟುವಾಗ ಡಬ್ಬಿ, ರಟ್ಟು, ಟೇಪು, ಕೊರಿಯರ್, ಕಮಿಷನ್ ಎಲ್ಲ ಸೇರಿಸಿ. ಒಂದು ಉದಾಹರಣೆ. ಐವತ್ತು ರೊಟ್ಟಿಗೆ 450 ರೂಪಾಯಿ, ಮಾಡಿದ ಖರ್ಚು 300, ಡಬ್ಬಿಗೆ 30, ಕೊರಿಯರ್‌ಗೆ 120. ಉಳಿಯುವುದು ಸೊನ್ನೆ, ಬಡಿದ ಕೈಗೆ ಏನೂ ಇಲ್ಲ. ಕೊರಿಯರ್ ಬೇರೆ ಅಂತ ಮೊದಲೇ ಹೇಳಿ.

ತಿನ್ನುವ ಮಾಲಿಗೆ ಕ್ಯಾಶ್ ಆನ್ ಡೆಲಿವರಿ ಬೇಡ. ಬೇಡವೆಂದು ತಿರುಗಿ ಕಳಿಸಿದ ರೊಟ್ಟಿಯನ್ನು ಇನ್ನೊಬ್ಬರಿಗೆ ಮಾರಲಾಗುವುದಿಲ್ಲ. ಹಣ ಬಂತು ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ನಂಬದೆ ನಿಮ್ಮ ಖಾತೆ ನೋಡಿ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಒತ್ತಿ ಅಂದವರು ಮೋಸಗಾರರು.

ಪಾರ್ಸೆಲ್ ಕೊಟ್ಟ ಕೂಡಲೇ ಟ್ರ್ಯಾಕಿಂಗ್ ನಂಬರನ್ನು ಗಿರಾಕಿಗೆ ಕಳಿಸಿ, ಶೀಟಿನ ಅದೇ ಸಾಲಿನಲ್ಲೂ ಬರೆದಿಡಿ. ಮುಟ್ಟಿದ ಮೇಲೆ "ಎಷ್ಟು ಮುರಿದಿದ್ದವು?" ಅಂತ ನೀವೇ ಕೇಳಿ. ಮುರಿದದ್ದಕ್ಕೆ ಶೀಟಿನಲ್ಲಿ ಒಂದು ಕಾಲಂ ಬೇರೆ ಇಡಿ. ಡಬ್ಬಿ ಬದಲಿಸಬೇಕೋ, ಕೊರಿಯರ್ ಬದಲಿಸಬೇಕೋ ಅನ್ನುವುದು ಒಂದು ತಿಂಗಳಲ್ಲಿ ಆ ಕಾಲಂ ನೋಡಿದರೆ ತಿಳಿಯುತ್ತದೆ. ಕಟ್ಟುವಾಗ ಮನೆಯಲ್ಲೇ ಮುರಿದವನ್ನೂ ಅಲ್ಲೇ ಬರೆಯಿರಿ. ಆ ಚೂರುಗಳಿಗೆ ಉಳ್ಳಾಗಡ್ಡಿ, ಕರಿಬೇವು ಹಾಕಿ ಒಗ್ಗರಣೆ ಕೊಟ್ಟರೆ ಸಂಜೆಯ ನಾಷ್ಟಾ ಆಯಿತು.