ಎನ್‌ಎಂಇ1 ಕಿಣ್ವವನ್ನು ನಮ್ಮ ಲ್ಯಾಬಿನಲ್ಲೇ ಅಳೆದಿದ್ದು

ಹಾಸನದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಬಯೋಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಕ್ಯಾನ್ಸರ್ ಪಾಠ ಬಂದಾಗ ಎನ್‌ಎಂಇ1 ಜೀನಿನ ವಿಷಯ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಕ್ಯಾನ್ಸರ್‌ನಲ್ಲಿ ಹೆಚ್ಚಿನವರ ಜೀವಕ್ಕೆ ಕುತ್ತು ತರುವುದು ಮೊದಲು ಕಂಡ ಗಡ್ಡೆಯಲ್ಲ, ಅದು ಬೇರೆ ಅಂಗಗಳಿಗೆ ಹರಡುವುದು. ಹಾಗೆ ಹರಡದಂತೆ ತಡೆಯುವ ಜೀನ್ ಎಂದು ಮೊಟ್ಟಮೊದಲು ಗುರುತಾಗಿದ್ದೇ ಇದು. 1988ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಪೆಟ್ರೀಷಿಯಾ ಸ್ಟೀಗ್ ಮತ್ತು ಜೊತೆಯವರು ಇಲಿಯ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳಲ್ಲಿ ಇದನ್ನು ಕಂಡರು. ಜಾಸ್ತಿ ಹರಡುವ ಕೋಶಗಳಲ್ಲಿ ಈ ಜೀನಿನ ಆರ್‌ಎನ್‌ಎ ಕಡಿಮೆ ಇತ್ತು, ಅಷ್ಟಾಗಿ ಹರಡದ ಕೋಶಗಳಲ್ಲಿ ಹೆಚ್ಚಿತ್ತು. ಆಗ ಎನ್‌ಎಂ23 ಅಂತ ಕರೆದರು.

ಈ ಜೀನ್ ಮಾಡುವ ಪ್ರೋಟೀನ್ ಮಾತ್ರ ಹಳೇ ಪರಿಚಯದ್ದೇ. 1953ರಿಂದಲೂ ಗೊತ್ತಿದ್ದ ಕಿಣ್ವ, ನ್ಯೂಕ್ಲಿಯೋಸೈಡ್ ಡೈಫಾಸ್ಫೇಟ್ ಕೈನೇಸ್. ಕೋಶಕ್ಕೆ ಶಕ್ತಿ ಒದಗಿಸುವ ಅಣು ಎಟಿಪಿಯ ಕೊನೆಯ ಫಾಸ್ಫೇಟನ್ನು ಕಿತ್ತು, ಎರಡೇ ಫಾಸ್ಫೇಟ್ ಇರುವ ಟಿಡಿಪಿ, ಜಿಡಿಪಿಯಂಥ ಅಣುಗಳಿಗೆ ಕೊಡುತ್ತದೆ. ಕೊಡುವ ಮುಂಚೆ ಆ ಫಾಸ್ಫೇಟ್ ಕಿಣ್ವದ್ದೇ 118ನೇ ಅಮೈನೋ ಆಮ್ಲವಾದ ಹಿಸ್ಟಿಡಿನ್ ಮೇಲೆ ಒಂದು ಕ್ಷಣ ಕೂತಿರುತ್ತದೆ. ಇಷ್ಟನ್ನು ಬೋರ್ಡ್ ಮೇಲೆ ಬರೆದರೆ ಮಕ್ಕಳು ಸುಮ್ನೆ ಬರೆದುಕೊಳ್ಳುತ್ತಾರೆ, ಅಷ್ಟೇ. ಕಿಣ್ವ ಕೆಲಸ ಮಾಡುವುದನ್ನು ಕಣ್ಣಾರೆ ನೋಡಲಿ ಅಂತ ನನಗೆ ಆಸೆ.

ಕ್ಯಾನ್ಸರ್ ಕೋಶ ಬೆಳೆಸುವ ವ್ಯವಸ್ಥೆ ನಮ್ಮಲ್ಲಿಲ್ಲ. ಆದರೆ ಅದು ಬೇಕಾಗಿಯೂ ಇಲ್ಲ. ನಮ್ಮ ಕೆಂಪು ರಕ್ತಕಣದಲ್ಲಿ ಈ ಕಿಣ್ವ ಧಾರಾಳವಾಗಿದೆ. ಎನ್‌ಎಂ23 ಪ್ರೋಟೀನೂ ರಕ್ತಕಣದ ಈ ಕಿಣ್ವದ ಎರಡು ಬಗೆಯ ಪ್ರೋಟೀನ್ ಸರಪಳಿಗಳಲ್ಲಿ ಒಂದಾದ ಎ ಸರಪಳಿಯೂ ಒಂದೇ ಎಂದು 1991ರಲ್ಲಿ ತೋರಿಸಿದ್ದೂ ಮನುಷ್ಯರ ಕೆಂಪು ಕಣ ಇಟ್ಟುಕೊಂಡೇ. ಕಾಲೇಜಿನಲ್ಲಿ ಅನುಮತಿ ತೆಗೆದುಕೊಂಡು, ನನ್ನದೇ ರಕ್ತವನ್ನು ಲ್ಯಾಬ್ ಟೆಕ್ನಿಷಿಯನ್ ಒಬ್ಬರಿಂದ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿಗೆ ತೆಗೆಸಿದೆ. ಮಕ್ಕಳ ರಕ್ತ ಬೇಡ ಎಂಬುದು ನನ್ನ ನಿಯಮ. ಗ್ಲೌಸ್ ಇಲ್ಲದೆ ಯಾರೂ ಟ್ಯೂಬ್ ಮುಟ್ಟುವಂತಿಲ್ಲ.

ರಕ್ತ ತೊಳೆಯುವುದರಲ್ಲೇ ಅರ್ಧ ಕೆಲಸ ಇದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಮೇಲೆ ಹಳದಿ ಪ್ಲಾಸ್ಮಾ, ಕೆಳಗೆ ಕೆಂಪು, ನಡುವೆ ಬೆಳ್ಳಗಿನ ತೆಳು ಪದರ ನಿಲ್ಲುತ್ತದೆ. ಆ ಪದರದಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಇರುತ್ತವೆ. ಅವುಗಳಲ್ಲೂ ಈ ಕಿಣ್ವ ಇರುವುದರಿಂದ ಅದನ್ನು ಪಿಪೆಟ್‌ನಿಂದ ಪೂರ್ತಿ ಎಳೆದು ತೆಗೆಯಬೇಕು. ಸ್ವಲ್ಪ ಕೆಂಪು ಕಣ ಹೋದರೂ ಪರವಾಗಿಲ್ಲ. ಆಮೇಲೆ 0.9 ಶೇಕಡಾ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಐಸ್‌ನಂತೆ ತಣ್ಣಗಿರುವ ಡಿಸ್ಟಿಲ್ಡ್ ವಾಟರ್ ಹಾಕಿದರೆ ಕಣಗಳು ಒಡೆಯುತ್ತವೆ. ಫ್ರಿಜ್ಜಿನ ಟ್ರೇ ಐಸ್ ಸಾಲುವುದಿಲ್ಲ. ನಾನು ಮೀನಿನ ಅಂಗಡಿಯಿಂದ ತರಿಸುತ್ತೇನೆ.

ಈ ಹಂತದಲ್ಲಿ ಆಲೂರು ಕಡೆಯ ಒಬ್ಬ ಹುಡುಗಿ ಕೇಳಿದಳು: "ಸರ್, ಕೆಂಪು ಕಣಕ್ಕೆ ನ್ಯೂಕ್ಲಿಯಸ್ಸೇ ಇಲ್ಲ ಅಲ್ವಾ? ಮತ್ತೆ ಎನ್‌ಎಂಇ1 ಎಲ್ಲಿಂದ ಬಂತು?"

ಎಷ್ಟು ಒಳ್ಳೆಯ ಪ್ರಶ್ನೆ! ಜೀನ್ ಇರುವುದು 17ನೇ ಕ್ರೋಮೋಸೋಮಿನಲ್ಲಿ. ಕಣ ಮೂಳೆಯ ಮಜ್ಜೆಯಲ್ಲಿ ಬೆಳೆಯುವಾಗ ಆ ಜೀನಿನಿಂದ ಕಿಣ್ವ ತಯಾರಾಯಿತು. ನಂತರ ನ್ಯೂಕ್ಲಿಯಸ್ ಹೊರಗೆ ಹೋಯಿತು, ಕಿಣ್ವ ಉಳಿಯಿತು. ಅಂದರೆ ನಮ್ಮ ಟ್ಯೂಬಿನಲ್ಲಿ ಜೀನ್ ಇಲ್ಲ, ಅದು ಮಾಡಿಟ್ಟ ಪ್ರೋಟೀನ್ ಮಾತ್ರ ಇದೆ. ಜೀನೂ ಕಿಣ್ವವೂ ಒಂದೇ ಅಂದುಕೊಂಡಿದ್ದವರಿಗೆ ಅವತ್ತು ಎರಡೂ ಬೇರೆಯಾಗಿ ಕಂಡವು.

ಅಳೆಯುವುದು ಹೀಗೆ. ಕ್ಯುವೆಟ್ ಎಂಬ ಚಿಕ್ಕ ಪಾರದರ್ಶಕ ಪಾತ್ರೆಯಲ್ಲಿ ಎಟಿಪಿ, ಟಿಡಿಪಿ, ಮೆಗ್ನೀಷಿಯಂ ಇರುತ್ತದೆ, ಜೊತೆಗೆ ನಾವೇ ಹಾಕಿದ ಎರಡು ಸಹಾಯಕ ಕಿಣ್ವಗಳೂ ಎನ್‌ಎಡಿಎಚ್ ಎಂಬ ಅಣುವೂ ಇರುತ್ತವೆ. ನಮ್ಮ ಕಿಣ್ವ ಎಟಿಪಿಯನ್ನು ಎಡಿಪಿ ಮಾಡುತ್ತದೆ. ಆ ಎಡಿಪಿಯನ್ನು ಬಳಸಿ ಪೈರುವೇಟ್ ಕೈನೇಸ್ ಪೈರುವೇಟ್ ಕೊಡುತ್ತದೆ. ಪೈರುವೇಟನ್ನು ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್ ಲ್ಯಾಕ್ಟೇಟ್ ಮಾಡುವಾಗ ಎನ್‌ಎಡಿಎಚ್ ಖರ್ಚಾಗುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ. 0.2 ಮಿಲಿಮೋಲಾರ್ ಹಾಕಿದರೆ, ಬೆಳಕು ಎಷ್ಟು ಹೀರಿತೆಂದು ಅಳೆಯುವ ಮೀಟರ್ 1.2ರ ಆಸುಪಾಸು ತೋರಿಸುತ್ತದೆ. ರಕ್ತದ ದ್ರಾವಣ ಬಿಟ್ಟ ತಕ್ಷಣ ಆ ಅಂಕಿ ಇಳಿಯತೊಡಗುತ್ತದೆ. ಹಿಂದಿನ ಬೆಂಚಿನ ಹುಡುಗರೂ ಎದ್ದು ಬಂದು ಮೀಟರ್ ಮುಂದೆ ನಿಲ್ಲುತ್ತಾರೆ.

ಹಿಮೋಗ್ಲೋಬಿನ್ ಕೂಡ 340ರಲ್ಲಿ ಬೆಳಕು ಹೀರುತ್ತದೆ. ಹಾಗಾಗಿ ದ್ರಾವಣವನ್ನು ಬಣ್ಣವೇ ಕಾಣದಷ್ಟು ತೆಳುವಾಗಿಸಬೇಕು. ಕಿಣ್ವ ತುಂಬಾ ಚುರುಕಾದ್ದರಿಂದ ಅಷ್ಟು ತೆಳುವಾದರೂ ಸಾಕು. ಟಿಡಿಪಿ ಹಾಕದ ಒಂದು ಕ್ಯುವೆಟ್, ರಕ್ತ ಹಾಕದ ಒಂದು ಕ್ಯುವೆಟ್ ಪಕ್ಕದಲ್ಲಿ ಇರಲೇಬೇಕು. ರಕ್ತದ ಬೇರೆ ಕಿಣ್ವಗಳೂ ಎಟಿಪಿ ಒಡೆಯುತ್ತವೆ. ಪೈರುವೇಟ್ ಕೈನೇಸ್ ತಾನೇ ಟಿಡಿಪಿಯನ್ನು ಸ್ವಲ್ಪ ಬಳಸಿಕೊಳ್ಳುತ್ತದೆ. ಅವೆರಡನ್ನೂ ಕಳೆಯದ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ನಮ್ಮ ಲ್ಯಾಬ್ ತಣ್ಣಗಿರುತ್ತದೆ, ಮಧ್ಯಾಹ್ನ ಬೆಚ್ಚಗಾಗುತ್ತದೆ. ಎರಡು ಬ್ಯಾಚಿನ ಅಂಕಿ ಹೋಲಿಸಬೇಕೆಂದರೆ ವಾಟರ್ ಬಾತ್ 25 ಡಿಗ್ರಿಯಲ್ಲಿ ಇರಬೇಕು.

ಅಂಕಿ ಕೈಗೆ ಬಂದಮೇಲೆ ನಾನು ಒತ್ತಿ ಹೇಳುವ ಮಾತು ಒಂದಿದೆ: ನಾವು ಅಳೆದದ್ದು ಫಾಸ್ಫೇಟ್ ಸಾಗಿಸುವ ಕೆಲಸ, ಕ್ಯಾನ್ಸರ್ ತಡೆಯುವ ಶಕ್ತಿಯಲ್ಲ. ಇದಕ್ಕೆ ಪುರಾವೆ ಗಟ್ಟಿಯಾಗಿದೆ. ಈ ಪ್ರೋಟೀನಿನ 96ನೇ ಜಾಗದ ಪ್ರೋಲಿನ್ ತೆಗೆದು ಸೆರಿನ್ ಇಟ್ಟರೆ ಫಾಸ್ಫೇಟ್ ಸಾಗಿಸುವ ಕೆಲಸ ಉಳಿಯುತ್ತದೆ. ಆದರೆ ಕ್ಯಾನ್ಸರ್ ಕೋಶಗಳ ಓಡಾಟ ತಡೆಯುವ ಗುಣ ಹೋಗಿಬಿಡುತ್ತದೆ. ನಮ್ಮ ಮೀಟರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇನ್ನೊಂದು ಮಾತು, ರಕ್ತದಲ್ಲಿ ಎನ್‌ಎಂಇ1ರ ಜೊತೆ ಅದರ ಪಕ್ಕದ ಜೀನ್ ಎನ್‌ಎಂಇ2ರ ಪ್ರೋಟೀನೂ ಇದೆ. ಎರಡೂ ಸೇರಿ ಆರು ಸರಪಳಿಯ ಗುಂಪಾಗಿ ಕೆಲಸ ಮಾಡುತ್ತವೆ. ಅಂಕಿ ಇಬ್ಬರದ್ದೂ ಹೌದು.

ಎಲ್ಲ ಕ್ಯಾನ್ಸರ್‌ನಲ್ಲೂ ಇದರ ನಡವಳಿಕೆ ಒಂದೇ ಅಲ್ಲ. ಮೆಲನೋಮಾ, ಸ್ತನ ಕ್ಯಾನ್ಸರ್‌ನಲ್ಲಿ ಇದು ಕಡಿಮೆಯಾದರೆ ಹರಡುವುದು ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಚಿಕ್ಕ ಮಕ್ಕಳಿಗೆ ಬರುವ ನರಕೋಶದ ಕ್ಯಾನ್ಸರ್ ನ್ಯೂರೋಬ್ಲಾಸ್ಟೋಮಾದಲ್ಲಿ ಉಲ್ಟಾ, ರೋಗ ಜೋರಾಗಿದ್ದಾಗ ಇದು ಹೆಚ್ಚಿರುತ್ತದೆ.

ಒಬ್ಬ ಹುಡುಗ ಎಲ್ಲರೂ ಹೋದಮೇಲೆ ಬಂದು, "ನಮ್ಮ ದೊಡ್ಡಮ್ಮನ್ನ ಬೆಂಗಳೂರಿಗೆ ಕಿದ್ವಾಯಿಗೆ ಕರ್ಕೊಂಡು ಹೋಗ್ತಿದೀವಿ ಸರ್. ಅವರ ರಕ್ತದಲ್ಲಿ ಇದನ್ನ ಅಳೆದರೆ ಏನಾದ್ರೂ ಗೊತ್ತಾಗತ್ತಾ?" ಅಂದ. ಇಲ್ಲ ಕಣಪ್ಪ, ಗೊತ್ತಾಗಲ್ಲ ಅಂದೆ. ಕೆಂಪು ಕಣದ ಕಿಣ್ವ ಗಡ್ಡೆಯ ಸಂಗತಿ ಹೇಳುವುದಿಲ್ಲ. ಡಾಕ್ಟರು ಹೇಳಿದ ಚಿಕಿತ್ಸೆ ಒಂದು ದಿನವೂ ತಪ್ಪಿಸಬೇಡಿ ಎಂದೆ. ಅಂದಿನಿಂದ ಈ ಮಾತನ್ನು ಪ್ರಯೋಗ ಶುರು ಮಾಡುವ ಮೊದಲೇ ಇಡೀ ತರಗತಿಗೆ ಹೇಳುತ್ತೇನೆ.

ನಿಮ್ಮ ಕಾಲೇಜಿನಲ್ಲಿ ಮಾಡುವುದಾದರೆ, ಪೈರುವೇಟ್ ಕೈನೇಸ್ ಮತ್ತು ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್ ಎರಡೂ ಬೆರೆಸಿದ್ದೇ ಸಿಗುತ್ತದೆ, ಅದನ್ನೇ ತರಿಸಿ. ಟಿಡಿಪಿ ದುಬಾರಿ. ಬಂದ ದಿನವೇ ಚಿಕ್ಕ ಚಿಕ್ಕ ಟ್ಯೂಬಿಗೆ ಹಂಚಿ ಮೈನಸ್ 20ರಲ್ಲಿ ಇಡಿ. ಎನ್‌ಎಡಿಎಚ್ ಮಾತ್ರ ಆಯಾ ದಿನ ಬೆಳಿಗ್ಗೆಯೇ ಕರಗಿಸಿಕೊಳ್ಳಿ.