ನನ್ನ ನಾಟಕದ ಹಕ್ಕುಸ್ವಾಮ್ಯ ನೋಂದಣಿ: ನನ್ನ ಅನುಭವ

ನಾನು ಬರೆದ ಮಕ್ಕಳ ನಾಟಕವನ್ನು ತಂಡವೊಂದು ಬೇರೆಯವರ ಹೆಸರಿನಲ್ಲಿ ಆಡಿತು. ಕೇಳಿದರೆ, ‘ನಿಮ್ಮದೆನ್ನಲು ಪುರಾವೆ ಏನಿದೆ?’ ಎಂದರು. ತುಂಬಾ ನೋವಾಯಿತು.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿ ರಚನೆಯಾದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿಯ ದಾಖಲೆಯನ್ನು ನ್ಯಾಯಾಲಯ ಮೇಲ್ನೋಟದ ಸಾಕ್ಷ್ಯವೆಂದು, ಅಂದರೆ ತಪ್ಪೆಂದು ಸಾಬೀತಾಗುವವರೆಗೆ ನಿಜವೆಂದು, ಒಪ್ಪುತ್ತದೆ. ನನಗೆ ಬೇಕಿದ್ದುದು ಅದೇ.

ಆನ್‌ಲೈನ್‌ನಲ್ಲಿ ನಮೂನೆ 14 ತುಂಬಿ, 500 ರೂಪಾಯಿ ಶುಲ್ಕ ಕಟ್ಟಿ, ಹಸ್ತಪ್ರತಿ ಸಲ್ಲಿಸಿದೆ. ಕೂಡಲೇ ಡೈರಿ ಸಂಖ್ಯೆ, ಅಂದರೆ ಅರ್ಜಿಯನ್ನು ಗುರುತಿಸುವ ಸಂಖ್ಯೆ, ಸಿಕ್ಕಿತು. ಆಕ್ಷೇಪಣೆಗಳಿಗಾಗಿ 30 ದಿನ ಕಾಯಲೇಬೇಕು, ಪರಿಶೀಲನೆ ಆಮೇಲೆ. ಎರಡು ಹಾಡು ಗೆಳತಿಯವು. ಅವಳಿಂದ ನಿರಾಕ್ಷೇಪಣಾ ಪತ್ರವನ್ನು ಮೊದಲೇ ಬರೆಸಿಕೊಂಡಿದ್ದೆ. ಸಹಲೇಖಕರಿದ್ದರೆ ಇದನ್ನು ಮರೆಯಬೇಡಿ.

ನೋಂದಣಿ ಪ್ರಮಾಣಪತ್ರ ಬಂದ ಮೇಲೆ ಅದರ ಪ್ರತಿಯನ್ನು ತಂಡಕ್ಕೆ ಕಳುಹಿಸಿದೆ. ಮುಂದಿನ ಪ್ರದರ್ಶನದ ಕರಪತ್ರದಲ್ಲಿ ನಮ್ಮಿಬ್ಬರ ಹೆಸರೂ ಇತ್ತು, ಗೌರವಧನವೂ ಬಂತು.